ಸಲಹೆ ಕೊಡುವುದಿಲ್ಲ ಎಂದು ಬರೆಸಿದವನು

ಡೊಂಬಿವಲಿ ಪೂರ್ವ
8-11-2025, ಶನಿವಾರ

ಪ್ರೀತಿಯ ನಳಿನಿ,

ನೀನು ಹೇಗಿದ್ದೀ? ರಮಿತಾಳ ಸೊಂಟನೋವು ಕಡಿಮೆಯಾಯಿತೇ? ಮಗು ಎರಡು ಕಿಲೋ ದಾಟಿತು ಎಂದು ನೀನು ಬುಧವಾರ ಹೇಳಿದ ಮೇಲೆ ನಾನು ಕೆಳಗಿನ ಮಹಡಿಯವರಿಗೂ ಹಾಲಿನವನಿಗೂ ಹೇಳಿ ಬಂದೆ. ಎಂಟನೇ ತಿಂಗಳಲ್ಲೇ ಹುಟ್ಟಿದ ಮಗುವನ್ನು ಈಗಲೇ ಎಣ್ಣೆ ಹಚ್ಚಿ ಮೀಯಿಸಬಾರದು ಎಂದು ಡಾಕ್ಟರು ಅಂದರಂತಲ್ಲ, ನಿನಗೆ ಆ ಮಾತು ಹಿಡಿಸಿರಲಿಕ್ಕಿಲ್ಲ. ಆದರೂ ಈ ಒಂದು ತಿಂಗಳು ಅವರು ಹೇಳಿದ ಹಾಗೆಯೇ ಮಾಡು. ನಿನ್ನ ಬೆನ್ನನ್ನೂ ನೋಡಿಕೋ, ನೀರಿನ ಹಂಡೆ ರಿತೇಶ್ ಎತ್ತಲಿ. ಅಳಿಯ ಎಂದು ಸಂಕೋಚ ಬೇಡ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಸ್ಟೇಷನ್ ಹತ್ತಿರ ಊಟ, ಸಂಜೆಗೆ ಏನಾದರೊಂದು. ಡಬ್ಬಗಳ ಮೇಲೆ ನೀನು ಹೆಸರು ಬರೆದಿಟ್ಟು ಹೋದದ್ದು ಒಳ್ಳೆಯದಾಯಿತು. ಆದರೂ ಒಂದು ದಿನ ಸಾರಿನ ಹುಡಿ ಎಂದು ಕಷಾಯದ ಹುಡಿ ಹಾಕಿಬಿಟ್ಟೆ. ಬಿಸಾಡಲಿಲ್ಲ, ತಿಂದೆ.

ದಿನಾ ಫೋನಿನಲ್ಲಿ ಮಾತಾಡುವವನು ಈಗ ಕಾಗದ ಯಾಕೆ ಬರೆಯುತ್ತಾನೆ ಎಂದು ನಿನಗೆ ಅನಿಸಬಹುದು. ಮಗು ಕೈಯಲ್ಲಿರುವುದರಿಂದ ನೀನು ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲೆ ಇಡುತ್ತೀ. ನಾನು ಹೇಳುವುದೆಲ್ಲ ರಮಿತಾಳಿಗೂ ಕೇಳುತ್ತದೆ. ಇದು ಅವಳು ಈಗ ಕೇಳಬಾರದ ವಿಷಯ. ಹದಿನೈದು ದಿನದಿಂದ ಫೋನಿನಲ್ಲಿ ನಾನು ಹವೆ, ನೀರು, ಲೋಕಲ್ ಟ್ರೇನಿನ ರಷ್ಷು ಎಂದು ಏನೇನೋ ಹೇಳುತ್ತಿದ್ದದ್ದು ಅದಕ್ಕೇ. ನೀನೊಬ್ಬಳೇ ಇರುವಾಗ ಇದನ್ನು ಓದು.

ಮಾಪಣ್ಣನ ನೆನಪಿದೆಯಲ್ಲ? ಕಲಬುರಗಿ ಕಡೆಯವನು, ಮಹಾಪೆಯ ಒಂದು ಗೋದಾಮಿಗೆ ಲೋಡಿಂಗ್ ಕೆಲಸಕ್ಕೆ ಜನ ಒದಗಿಸುವ ಮುಕಾದಮ. ಮೊದಲು ತಾನೂ ಚೀಲ ಹೊರುತ್ತಿದ್ದವನು, ಆಮೇಲೆ ತನ್ನ ಊರಿನ ಹತ್ತು ಹನ್ನೆರಡು ಜನರನ್ನು ಕರೆತಂದು ಕಾಂಟ್ರ್ಯಾಕ್ಟ್ ಹಿಡಿದ. ಲೆಕ್ಕ, ತೆರಿಗೆಯ ವಿಷಯ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕು ಎಂದು ಘನ್ಸೋಲಿಯಿಂದ ಎರಡು ಟ್ರೇನ್ ಹಿಡಿದು ನಮ್ಮ ಮನೆಗೆ ಬರುತ್ತಿದ್ದ. ಹೆಂಡತಿ ಚಂದವ್ವ ಒಮ್ಮೆ ನಿನಗೆ ಶೇಂಗಾ ಹೋಳಿಗೆ ತಂದುಕೊಟ್ಟಿದ್ದಳು.

ದೀಪಾವಳಿ ಕಳೆದ ಶನಿವಾರ ಅವನು ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಜಿಎಸ್‌ಟಿ ಆಫೀಸಿನ ನೋಟಿಸು. ಗೋದಾಮಿನವರು ಅವನ ಬಿಲ್ಲಿನಲ್ಲಿ ಟಿಡಿಎಸ್ ಕಡಿಯುತ್ತಿದ್ದರಲ್ಲ, ಆ ಲೆಕ್ಕ ನೋಡಿ ಆಫೀಸಿನವರು ಇವನನ್ನು ಹಿಡಿದಿದ್ದಾರೆ. ಎರಡು ವರ್ಷ ನೋಂದಣಿ ಇಲ್ಲದೆ ವ್ಯಾಪಾರ ಮಾಡಿದ್ದಕ್ಕೆ ತೆರಿಗೆ, ಬಡ್ಡಿ, ದಂಡ ಸೇರಿ ಹದಿಮೂರು ಲಕ್ಷ ಚಿಲ್ಲರೆ. ತಿಂಗಳಿಗೆ ಅವನ ಕೈಯಲ್ಲಿ ಉಳಿಯುವುದು ಇಪ್ಪತ್ತು ಸಾವಿರ. ಆದರೆ ಅವನು ಹೆದರಿದ ಹಾಗೆ ಕಾಣಲಿಲ್ಲ ನಳಿನಿ, ಅದನ್ನೇ ನನಗೆ ತಡೆಯಲಾಗಲಿಲ್ಲ. ನೋಟಿಸನ್ನು ಮೇಜಿನ ಮೇಲಿಟ್ಟು ಹೇಳಿದ, "ನಿಮ್ಮ ಚೀಟಿ ಮನಿಯಾಗ ಭದ್ರ ಇಟ್ಟೀವ್ರಿ. ಆಕಿ ಪ್ಲಾಸ್ಟಿಕ್ನ್ಯಾಗ ಹಾಕಿಸ್ಯಾಳ. ಅದನ್ನ ತೋರ್ಸಿದ್ರ ಸಾಹೇಬ್ರು ಬಿಡ್ತಾರಿಲ್ರಿ?"

ಆ ಚೀಟಿ ಯಾವುದೆಂದು ನನಗೆ ಆ ಕ್ಷಣವೇ ನೆನಪಾಯಿತು. ಮೂರು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಜಿಎಸ್‌ಟಿ ಮಾಡಿಸಬೇಕೇ ಬೇಡವೇ ಎಂದು ಅವನು ಕೇಳಿದ್ದ. ಗೋದಾಮಿನವರು ವರ್ಷಕ್ಕೆ ಅವನಿಗೆ ಇಪ್ಪತ್ತನಾಲ್ಕು ಲಕ್ಷ ಕೊಡುತ್ತಿದ್ದರು, ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಜನರ ಪಗಾರಕ್ಕೆ ಹೋಗುತ್ತಿತ್ತು. ನಾನು ಎರಡು ನಿಮಿಷ ಯೋಚಿಸಿ, ಪಗಾರ ನೀನು ಹಂಚುವುದಷ್ಟೇ, ಅದು ನಿನ್ನ ಆದಾಯವಲ್ಲ, ಕಮಿಷನ್ ಮಾತ್ರ ಲೆಕ್ಕಕ್ಕೆ ಬರುವುದು, ಅದು ನೋಂದಣಿಯ ಮಿತಿಯಾದ ಇಪ್ಪತ್ತು ಲಕ್ಷಕ್ಕಿಂತ ಎಷ್ಟೋ ಕಡಿಮೆ ಎಂದು ಹೇಳಿದೆ. ಅವನು ಬರೆದುಕೊಡಿ ಎಂದ. ಒಂದು ಹಳೆಯ ಬಿಲ್ಲಿನ ಹಿಂದೆ 'ಜಿಎಸ್‌ಟಿ ಬೇಕಾಗಿಲ್ಲ, ಚಿಂತೆ ಬೇಡ' ಎಂದು ಬರೆದು ಕೆಳಗೆ ಸಹಿಯನ್ನೂ ಹಾಕಿದೆ. ಸಹಿಯ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಶನಿವಾರ ಅವನಿಗೆ, ನೋಡುತ್ತೇನೆ, ನೋಟಿಸು ಇಲ್ಲೇ ಇರಲಿ ಎಂದು ಚಹಾ ಕೊಟ್ಟು ಕಳಿಸಿದೆ. ಸೋಮವಾರ ಥಾಣೆಯ ಹಳೆಯ ಆಫೀಸಿಗೆ ಹೋಗಿ ಕುಶಲನನ್ನು ಕಂಡೆ. ಮಧ್ವರಾಜ ಸರ್ ತೀರಿಕೊಂಡ ಮೇಲೆ ಈಗ ಆಫೀಸು ನೋಡಿಕೊಳ್ಳುವುದು ಈ ಮಗನೇ, ಇವನೂ ಸಿಎ. ನಾನು ಹತ್ತೊಂಬತ್ತು ವರ್ಷ ಕೂತಿದ್ದ ಕುರ್ಚಿಯಲ್ಲಿ ಈಗ ಒಬ್ಬಳು ಹುಡುಗಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಾಳೆ. ಕುಶಲ ನೋಟಿಸು ಓದಿ, ನಾನು ಬರೆದುಕೊಟ್ಟದ್ದನ್ನು ಕೇಳಿ, ಬಿಲ್ಲಿನ ಮೊತ್ತದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದ. ಆಮೇಲೆ, "ಶೇಖರಣ್ಣ, ಜನ ಒದಗಿಸುವ ಕೆಲಸದಲ್ಲಿ ಪಗಾರವೂ ಸೇರಿಯೇ ಲೆಕ್ಕ. ಪೂರ್ತಿ ಬಿಲ್ಲಿನ ಮೇಲೆ ತೆರಿಗೆ. ಇದು ಗೊತ್ತಿರುವ ವಿಷಯವೇ" ಎಂದ. ಗೊತ್ತಿರುವ ವಿಷಯವೇ ಎಂಬ ಆ ಒಂದು ಮಾತು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವನು ಬೇಕೆಂದು ಹೇಳಿದ್ದಲ್ಲ. ಆಗಲೇ ಮಾಪಣ್ಣ ನೋಂದಣಿ ಮಾಡಿಸಿದ್ದರೆ ತೆರಿಗೆಯನ್ನು ಬಿಲ್ಲಿಗೆ ಸೇರಿಸಬಹುದಿತ್ತು, ಗೋದಾಮಿನವರೇ ಕೊಡುತ್ತಿದ್ದರು, ಅವರಿಗೆ ಅದು ವಾಪಸೂ ಸಿಗುತ್ತಿತ್ತು. ಈಗ ಕೇಳಿದರೆ ಆ ಅವಧಿ ಮುಗಿದಿದೆ, ನಮಗೆ ಸಂಬಂಧವಿಲ್ಲ ಎನ್ನುತ್ತಾರೆ. ಹಾಗಾಗಿ ಈ ನಷ್ಟ ಆದದ್ದು ನನ್ನ ಮಾತಿನಿಂದ, ಬೇರೆ ಯಾವುದರಿಂದಲೂ ಅಲ್ಲ.

ಕುಶಲ ಒಳ್ಳೆಯ ಹುಡುಗ. ನೋಟಿಸನ್ನು ಮತ್ತೆ ಮೊದಲಿನಿಂದ ಓದಿ, ಆಫೀಸಿನವರು ಮೊದಲ ವರ್ಷದ ಪೂರ್ತಿ ಮೊತ್ತ ಹಿಡಿದಿದ್ದಾರೆ, ಇಪ್ಪತ್ತು ಲಕ್ಷ ದಾಟಿದ ಮೇಲಿನದಕ್ಕೆ ಮಾತ್ರ ತೆರಿಗೆ ಬರಬೇಕು ಎಂದು ತೋರಿಸಿದ. ಮೂವತ್ತು ದಿನದೊಳಗೆ ಕಟ್ಟಿದರೆ ದಂಡವೂ ಇಲ್ಲ. ಕಳೆದ ವರ್ಷದಿಂದ ಗೋದಾಮಿನವರು ಅರ್ಧ ಜನರನ್ನು ತಮ್ಮದೇ ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ ಬಿಲ್ಲು ಇಪ್ಪತ್ತು ಲಕ್ಷ ದಾಟುವುದಿಲ್ಲ, ಆಮೇಲಿನದಕ್ಕೆ ತೊಂದರೆಯಿಲ್ಲ. ಎಲ್ಲ ಸೇರಿ ಏಳೂ ಮುಕ್ಕಾಲು ಲಕ್ಷಕ್ಕೆ ಇಳಿಯಿತು. ಉತ್ತರ ಬರೆದುಕೊಡುವುದಕ್ಕೆ ಫೀಸು ಬೇಡ ಎಂದ. ಕೊನೆಗೆ ಕೇಳಿದ, "ನಿಮ್ಮ ಹತ್ತಿರ ಇಂಡೆಮ್ನಿಟಿ ಪಾಲಿಸಿ ಇತ್ತಲ್ಲ? ರಮಿತಾ ಮಾಡಿಸಿದ್ದು?"

ಹೌದು, ಇತ್ತು. ನಮ್ಮ ಕೆಲಸದ ತಪ್ಪಿನಿಂದ ಗಿರಾಕಿಗೆ ನಷ್ಟವಾದರೆ ವಿಮೆ ಕಂಪೆನಿ ತುಂಬಿಕೊಡುವ ಪಾಲಿಸಿ. ರಮಿತಾ ಮದುವೆಗೆ ಮೊದಲು ಬೇಲಾಪುರದಲ್ಲಿ ವಿಮೆಯ ಬ್ರೋಕರ್ ಆಫೀಸಿನಲ್ಲಿದ್ದಾಗ, ಲೆಕ್ಕ ಬರೆಯುವವರಿಗೆಲ್ಲ ಇದು ಇರಬೇಕು ಪಪ್ಪಾ ಎಂದು ಹಟ ಹಿಡಿದು ಮಾಡಿಸಿದ್ದಳು. ಪ್ರತಿ ಡಿಸೆಂಬರಿನಲ್ಲಿ ನಾಲ್ಕು ಸಾವಿರ ಕಟ್ಟುವಾಗ ನೀನು, ಒಂದು ದಿನವೂ ಬೇಕಾಗದ್ದಕ್ಕೆ ಇಷ್ಟೊಂದು ದುಡ್ಡಾ ಎಂದು ಕೇಳುತ್ತಿದ್ದೆಯಲ್ಲ, ಅದೇ. ಕುಶಲನ ಆಫೀಸಿನ ಮೆಟ್ಟಿಲಿಳಿಯುವಾಗ, ಬದುಕಿದೆ ಎಂದುಕೊಂಡೆ.

ಮರುದಿನ ಐರೋಲಿಗೆ ಹೋದೆ. ರಮಿತಾಳ ಜೊತೆಗೆ ಕೆಲಸ ಮಾಡುತ್ತಿದ್ದ ಸೂರಜ್ ಈಗ ಅಲ್ಲಿ ಸ್ವಂತ ಆಫೀಸು ಇಟ್ಟಿದ್ದಾನೆ, ನನ್ನ ಪಾಲಿಸಿ ನೋಡಿಕೊಳ್ಳುವುದು ಅವನೇ. ಬಾಳೆಹಣ್ಣಿನ ಬನ್ಸ್ ತರಿಸಿದ, ಮಗುವಿನ ಫೋಟೋ ಕೇಳಿ ನೋಡಿದ. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಮೊದಲ ಅರ್ಜಿ ತೆಗೆದ. ತೆಗೆದವನ ಮುಖ ಸಣ್ಣದಾಯಿತು. ಸ್ಕ್ರೀನನ್ನು ನನ್ನ ಕಡೆಗೆ ತಿರುಗಿಸಿದ. ಏಳನೆಯ ಪ್ರಶ್ನೆ, ತೆರಿಗೆಯ ಬಗ್ಗೆ ಗಿರಾಕಿಗಳಿಗೆ ಸಲಹೆ ಕೊಡುತ್ತೀರಾ? ಉತ್ತರ, ಇಲ್ಲ.

ಆ ಉತ್ತರ ರಮಿತಾಳದ್ದಲ್ಲ ನಳಿನಿ. ಅವಳು ತುಂಬಿಸಿದ್ದು ನಿಜ, ಆದರೆ ನನ್ನನ್ನು ಕೇಳಿಯೇ ತುಂಬಿಸಿದ್ದು. ಎರಡು ಸಲ ಕೇಳಿದಳು. ನಾನು ಕನ್ನಡಿಯ ಮುಂದೆ ಗಡ್ಡ ಬೋಳಿಸುತ್ತಿದ್ದೆ. "ಪಪ್ಪಾ, ನೀನು ಜನರಿಗೆ ಟ್ಯಾಕ್ಸ್ ಬಗ್ಗೆ ಹೇಳ್ತೀಯಲ್ಲಾ, ಅದು ಸಲಹೆ ಅಲ್ವಾ? ಹೌದು ಅಂತ ಹಾಕಿದರೆ ಪ್ರೀಮಿಯಂ ಒಂಬತ್ತು ಸಾವಿರ ಆಗ್ತದೆ" ಎಂದಳು. ನಾನು ಅಂದೆ, "ನಾನೆಂಥ ಸಲಹೆಗಾರ ಮಗಾ, ನಾನು ಬರೀ ಲೆಕ್ಕ ಬರೆಯುವವ." ಐದು ಸಾವಿರ ಉಳಿಯಲಿ ಎಂಬುದೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಸಲಹೆ ಕೊಡುತ್ತೇನೆ ಎಂದು ಒಂದು ಅರ್ಜಿಯಲ್ಲಿ ಬರೆಯಲಿಕ್ಕೆ ನನಗೆ ನಾಚಿಕೆಯಾಯಿತು. ನಾನು ಸಿಎ ಅಲ್ಲ. ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡಿದವನು. ಮಧ್ವರಾಜ ಸರ್ ಯಾವಾಗಲೂ ಹೇಳುತ್ತಿದ್ದರು, ಶೇಖರ, ಲೆಕ್ಕ ನೀನು ಬರಿ, ಕೇಳಿದವರಿಗೆ ಉತ್ತರ ನಾನು ಕೊಡುತ್ತೇನೆ. ಹತ್ತೊಂಬತ್ತು ವರ್ಷ ಹಾಗೇ ಮಾಡಿದೆ. ಉತ್ತರ ಗೊತ್ತಿದ್ದಾಗಲೂ ಒಳಗಿನ ಬಾಗಿಲು ತೋರಿಸಿದೆ. ಸ್ವಂತ ಕೆಲಸ ಶುರು ಮಾಡಿದ ಮೇಲೆ ಜನ ನೇರವಾಗಿ ನನ್ನನ್ನೇ ಕೇಳತೊಡಗಿದರು, ಆ ಸುಖವನ್ನು ನಾನು ನಿನಗೂ ಹೇಳಿಲ್ಲ. ಸಂಜೆ ಹೊತ್ತು ಯಾರೋ ಬಂದು ಚಪ್ಪಲಿ ಬಿಟ್ಟು, ಶೇಖರಣ್ಣಾ ಒಂದು ವಿಷಯ ಕೇಳಬೇಕಿತ್ತು ಎನ್ನುವಾಗ ನನಗೆ ಎಷ್ಟು ಹಿತವಾಗುತ್ತಿತ್ತು ಎಂದರೆ, ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೇ ತಪ್ಪಿಹೋಯಿತು.

ಸೂರಜ್ ಬಾಗಿಲು ಹಾಕಿ ಬಂದು ನಿಧಾನವಾಗಿ ಹೇಳಿದ. "ಅಣ್ಣಾ, ಸಲಹೆ ಕೊಟ್ಟದ್ದರಿಂದ ಆದ ನಷ್ಟ ಅಂತ ಬರೆದರೆ ಕಂಪೆನಿ ಒಂದು ಪೈಸೆ ಕೊಡುವುದಿಲ್ಲ. ಲೆಕ್ಕ ಬರೆಯುವಾಗ ಮೊತ್ತ ತಪ್ಪಿ ಹಾಕಿದೆ, ಹಾಗಾಗಿ ಇಪ್ಪತ್ತು ಲಕ್ಷ ದಾಟಿದ್ದು ತಿಳಿಯಲಿಲ್ಲ ಅಂತ ಬರೆಯಿರಿ. ಅದು ಲೆಕ್ಕದ ತಪ್ಪು, ಅದಕ್ಕೆ ಪಾಲಿಸಿ ಉಂಟು. ತೆರಿಗೆ, ಬಡ್ಡಿ ಎಲ್ಲ ಬರ್ತದೆ. ಮತ್ತೆ, ತಪ್ಪು ನನ್ನದು ಅಂತ ಈಗ ಯಾರ ಹತ್ತಿರವೂ ಹೇಳಬೇಡಿ, ಅದು ಕಂಪೆನಿಯ ಶರತ್ತು." ಚೀಟಿ ಇದೆಯಲ್ಲ ಎಂದೆ. "ಚೀಟಿ ಯಾರ ಹತ್ತಿರ ಉಂಟು?" ಮಾಪಣ್ಣನ ಹತ್ತಿರ ಎಂದೆ. "ತೆಗೆದುಕೊಳ್ಳಿ. ವಿಚಾರಣೆಗೆ ಬಂದವರು ಅವನನ್ನೂ ಕೇಳ್ತಾರೆ, ಏನು ಹೇಳಬೇಕು ಅಂತ ಅವನಿಗೆ ಹೇಳಿಕೊಡಿ. ಹಣ ಕೊನೆಗೆ ಯಾರಿಗೆ ಹೋಗುವುದು ಅಣ್ಣಾ? ಆ ಪಾಪದವನಿಗೇ ಅಲ್ವಾ?" ಅವನ ಮೇಲೆ ಸಿಟ್ಟು ಮಾಡಬೇಡ. ಅವನಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಅವನು ಹೇಳಿದ್ದರಲ್ಲಿ, ಹಣ ಮಾಪಣ್ಣನಿಗೆ ಹೋಗುತ್ತದೆ ಎಂಬುದು ನಿಜವೇ ಆಗಿತ್ತು. ನನ್ನನ್ನು ಕಟ್ಟಿಹಾಕಿದ್ದೇ ಆ ಮಾತು.

ನಾನು ಅಲ್ಲಿಂದ ನೇರ ಘನ್ಸೋಲಿಗೆ ಹೋದೆ. ಮಾಪಣ್ಣ ಕೆಲಸದಿಂದ ಬಂದಿರಲಿಲ್ಲ. ಚಂದವ್ವ ಜೋಳದ ಹಿಟ್ಟು ನಾದುತ್ತಿದ್ದವಳು ಕೈ ತೊಳೆದುಕೊಂಡು, ಕುಂಡ್ರಿ ಅಣ್ಣಾರ ಎಂದು ಚಾಪೆ ಹಾಸಿದಳು. ಆ ಚೀಟಿ ಬೇಕಿತ್ತು, ಒಮ್ಮೆ ನೋಡಿ ಕೊಡುತ್ತೇನೆ ಎಂದೆ. ಯಾಕೆ ಎಂದು ಕೇಳಲಿಲ್ಲ. ಗೋಡೆಯ ಗೂಡಿನಿಂದ ಒಂದು ಫೈಲು ತೆಗೆದಳು. ಅದರಲ್ಲಿ ಮಕ್ಕಳ ಶಾಲೆಯ ಕಾಗದ, ಆಧಾರ್ ಕಾರ್ಡು, ರೇಷನ್ ಕಾರ್ಡು, ಎಲ್ಲದರ ಮೇಲೆ ನನ್ನ ಚೀಟಿ, ದಪ್ಪ ಪ್ಲಾಸ್ಟಿಕ್ಕಿನೊಳಗೆ. "ನೀವು ಬರದು ಕೊಟ್ಟದ್ದು ಅಂತ ಜ್ವಾಕಿ ಮಾಡೀನ್ರಿ" ಎಂದಳು.

ಥಾಣೆಗೆ ಬರುವ ಟ್ರೇನಿನಲ್ಲಿ ಕೂರಲು ಜಾಗ ಸಿಕ್ಕಿತು. ಚೀಟಿ ಶರ್ಟಿನ ಜೇಬಿನಲ್ಲಿತ್ತು. ಕಿಟಕಿಯಿಂದ ಹೊರಗೆ ಎಸೆದರೆ ಮುಗಿಯಿತು ಎಂದು ಅನಿಸಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ, ಅನಿಸಿತು. ಏಳೂ ಮುಕ್ಕಾಲು ಲಕ್ಷ. ಯಾರಿಗೂ ಅನ್ಯಾಯವಿಲ್ಲ, ಕಂಪೆನಿಗೆ ಇದೊಂದು ಲೆಕ್ಕವೇ ಅಲ್ಲ. ಆದರೆ ಮುಂದಿನದು ಯೋಚಿಸಿದೆ. ವಿಚಾರಣೆಯವರು ಘನ್ಸೋಲಿಗೆ ಬರುತ್ತಾರೆ. ಆ ಚಾಪೆಯ ಮೇಲೆ ಕೂತು, ಶೇಖರ ಅವರು ನಿಮಗೆ ಏನಾದರೂ ಹೇಳಿದ್ದರಾ, ಬರೆದುಕೊಟ್ಟಿದ್ದರಾ ಎಂದು ಕೇಳುತ್ತಾರೆ. ಆಗ ಮಾಪಣ್ಣ ಇಲ್ಲ ಎನ್ನಬೇಕು, ಚಂದವ್ವ ಇಲ್ಲ ಎನ್ನಬೇಕು. ಹಾಗೆ ಹೇಳಿ ಎಂದು ಅವರಿಗೆ ಹೇಳಿಕೊಡಬೇಕಾದವನು ನಾನು. ಸಿಕ್ಕಿಬಿದ್ದರೆ ಮೋಸದ ಕೇಸಿನಲ್ಲಿ ಅವರ ಹೆಸರೂ ಸೇರುತ್ತದೆ. ನಾನು ಹೇಳಿದೆನೆಂದರೆ ಅವರು ಎರಡನೇ ಮಾತಿಲ್ಲದೆ ಹಾಗೇ ಮಾಡುತ್ತಾರೆ, ಮೊದಲ ಸಲ ಮಾಡಿದ ಹಾಗೆ. ಅದು ನಾನು ಅವರಿಗೆ ಕೊಡುವ ಎರಡನೆಯ ಸಲಹೆಯಾಗುತ್ತಿತ್ತು. ಅದನ್ನು ಕೊಡಲಿಕ್ಕೆ ನನ್ನಿಂದ ಸಾಧ್ಯವಾಗಲಿಲ್ಲ.

ಮರುದಿನ ಬುಧವಾರ ಮತ್ತೆ ಹೋದೆ. ಇಬ್ಬರೂ ಇದ್ದರು. ಚೀಟಿಯನ್ನು ಚಂದವ್ವನ ಕೈಗೆ ವಾಪಸು ಕೊಟ್ಟು, ಇದು ನಿಮ್ಮನ್ನು ಉಳಿಸುವ ಕಾಗದವಲ್ಲ, ಇದರಲ್ಲಿ ನಾನು ಬರೆದದ್ದು ತಪ್ಪು, ಇದರಿಂದಲೇ ನೋಟಿಸು ಬಂದದ್ದು ಎಂದೆ. ಕಂಪೆನಿಯ ಶರತ್ತು ಅಲ್ಲಿಗೇ ಮುರಿಯಿತು. ಪಾಲಿಸಿಯ ವಿಷಯವನ್ನೂ, ಅರ್ಜಿಯಲ್ಲಿ ನಾನು ಇಲ್ಲ ಎಂದು ಬರೆಸಿದ್ದನ್ನೂ, ಸುಳ್ಳು ಹೇಳಿದರೆ ಹಣ ಬರಬಹುದಿತ್ತು ಎಂಬುದನ್ನೂ ಹೇಳಿದೆ. ಮಾಪಣ್ಣ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಾ ಕೂತಿದ್ದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಾತಾಡಿದವಳು ಚಂದವ್ವ. ದನಿ ಏರಿಸಲಿಲ್ಲ. "ಅಣ್ಣಾರ, ನೀವು ಅವತ್ತ ನಂಗ ಗೊತ್ತಿಲ್ಲ ಅಂತ ಒಂದು ಮಾತ ಅಂದಿದ್ರ, ನಾವು ಬ್ಯಾರೆದವ್ರ ಕಡಿ ಹೋಗಿ ಕೇಳ್ತಿದ್ವಿ. ನೀವು ಹಂಗ ಅನ್ನಲಿಲ್ಲ" ಎಂದಳು.

ಈ ಹಣ ನಿಮ್ಮ ಮೇಲೆ ಬೀಳಲಿಕ್ಕೆ ಬಿಡುವುದಿಲ್ಲ, ನಾನು ಕಟ್ಟುತ್ತೇನೆ ಎಂದೆ. ಮಾಪಣ್ಣ ಆಗ ತಲೆ ಎತ್ತಿದ. "ನಿಮ್ದೇನು ದೊಡ್ಡ ಬಂಗಲೆ ಅದ ಏನ್ರಿ? ನಾನೂ ನೋಡೀನಿ ನಿಮ್ಮ ಮನಿ" ಎಂದ. ಕೊಂಕಿನ ಮಾತಲ್ಲ, ನಿಜವಾಗಿಯೇ ಲೆಕ್ಕ ಹಾಕಿ ಕೇಳಿದ್ದು. ಆಮೇಲೆ ನನ್ನ ಜೊತೆ ಸ್ಟೇಷನ್ನಿನವರೆಗೆ ನಡೆದು ಬಂದ. ಟಿಕೆಟ್ ಕಿಟಕಿಯ ಹತ್ತಿರ ನಿಂತು, "ಉಳಿದ ಮಂದಿದು ಪಿಎಫ್ ಕಟ್ಟಬೇಕಾಗ್ತದಂತಲ್ರಿ, ಹೌದೇನು?" ಎಂದು ಕೇಳಿದ. ನಾನು ಬಾಯಿ ತೆರೆದವನು ಮುಚ್ಚಿದೆ. ನನಗೆ ಸರಿಯಾಗಿ ಗೊತ್ತಿಲ್ಲ ಮಾಪಣ್ಣ, ಕುಶಲನ ಹತ್ತಿರ ಕೇಳಿ ಹೇಳುತ್ತೇನೆ ಎಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿ, "ಕೇಳ್ರಿ ಹಂಗಾರ" ಎಂದು ಹೊರಟುಹೋದ.

ಗುರುವಾರ ಕಂಪೆನಿಗೆ ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ. ಸೂರಜ್ ಒಂದು ಮಾತೂ ಎದುರಾಡದೆ ಅದನ್ನು ಮುಂದಕ್ಕೆ ಕಳಿಸಿದ. ಒಂದು ವಾರದಲ್ಲಿ ಉತ್ತರ ಬಂತು, ಕ್ಲೇಮು ನಿರಾಕರಿಸಲಾಗಿದೆ. ಅದಕ್ಕೆ ಮೊದಲು ಅಲ್ಲಿಯ ಒಬ್ಬಳು ಆಫೀಸರ್ ಫೋನ್ ಮಾಡಿದ್ದಳು. ಮರಾಠಿಯಲ್ಲಿ, ಕಾಕಾ, ಇಷ್ಟು ಸ್ಪಷ್ಟವಾಗಿ ಬರೆದವರನ್ನು ನಾನು ನೋಡಿಲ್ಲ, ಆದರೆ ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ನನ್ನ ಕೈ ಕಟ್ಟಿದ ಹಾಗೆ ಎಂದಳು. ಬೇಕಾದರೆ ಮೇಲಿನವರಿಗೆ ದೂರು ಕೊಡಬಹುದು ಎಂಬ ದಾರಿಯನ್ನೂ ಹೇಳಿದಳು. ಅರ್ಜಿಯಲ್ಲಿ ಇಲ್ಲ ಎಂದಿರುವಾಗ ದೂರಿನಿಂದ ಪ್ರಯೋಜನವಾಗದು ಎಂದು ಕುಶಲ ಹೇಳುತ್ತಾನೆ, ನನಗೂ ಹಾಗೇ ಅನಿಸುತ್ತದೆ. ಪಾಲಿಸಿಯನ್ನು ನಾನು ಬಿಡುವುದಿಲ್ಲ. ಡಿಸೆಂಬರಿನಲ್ಲಿ ಏಳನೆಯ ಪ್ರಶ್ನೆಗೆ ಹೌದು ಎಂದು ಬರೆದು ಒಂಬತ್ತು ಸಾವಿರ ಕಟ್ಟುತ್ತೇನೆ. ಜನ ಕೇಳುವುದನ್ನು ಬಿಡುವುದಿಲ್ಲ, ನಾನು ಪೂರ್ತಿ ಬಾಯಿಮುಚ್ಚಿ ಕೂರುವುದೂ ಆಗುವುದಿಲ್ಲ. ಹೇಳುವ ಮೊದಲು ಕುಶಲನಿಗೆ ತೋರಿಸುತ್ತೇನೆ ಎಂದು ಅವನ ಜೊತೆ ಮಾತಾಗಿದೆ.

ತೆರಿಗೆ ಕಟ್ಟಲು ಇಪ್ಪತ್ತನೇ ತಾರೀಖು ಕಡೆಯ ದಿನ. ನನ್ನ ಎಲ್‌ಐಸಿ ಒಡೆದು, ಪಿಪಿಎಫ್‌ನಲ್ಲಿದ್ದದ್ದನ್ನು ತೆಗೆದು ನಾಲ್ಕೂ ಕಾಲು ಲಕ್ಷ ಹೊಂದಿಸಿದ್ದೇನೆ. ರಮಿತಾಳಿಗೆ ಈಗಲೇ ಏನೂ ಹೇಳಬೇಡ. ಅರ್ಜಿಯನ್ನು ತಾನು ತುಂಬಿಸಿದ್ದೆ ಎಂದು ಅವಳು ತನ್ನನ್ನೇ ದೂರಿಕೊಳ್ಳುತ್ತಾಳೆ, ಅವಳ ಸ್ವಭಾವ ನಿನಗೆ ಗೊತ್ತಲ್ಲ. ಮಗು ಗಟ್ಟಿಯಾಗಲಿ, ಆಮೇಲೆ ನಾನೇ ಎದುರು ಕೂತು ಹೇಳುತ್ತೇನೆ, ಅವಳು ಎರಡು ಸಲ ಕೇಳಿದ್ದಳು ಎಂಬುದನ್ನೂ ಸೇರಿಸಿ. ನಿನಗೆ ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದು ಬರೆಯಲಿಕ್ಕೆ ನನಗೆ ಮುಖವಿಲ್ಲ. ಬೇಸರ ಮಾಡಿಕೋ, ಆದರೆ ಊಟ ಬಿಡಬೇಡ.

ರಿತೇಶನಿಗೂ ಅವನ ಅಮ್ಮನಿಗೂ ನಾನು ಕೇಳಿದೆನೆಂದು ಹೇಳು. ರಮಿತಾಳ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು. ಮಗುವಿಗೆ ಅಜ್ಜನ ಆಶೀರ್ವಾದ, ತೂಕ ನೋಡಿದ ದಿನ ತಪ್ಪದೆ ಫೋನ್ ಮಾಡು.

ನಿನ್ನ
ಶೇಖರ

ತಾ.ಕ.: ಸ್ಪೀಡ್ ಪೋಸ್ಟಿನ ಕೌಂಟರ್ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಇನ್ನೂ ಮೂರೂವರೆ ಲಕ್ಷ ಬೇಕು. ನಮ್ಮಿಬ್ಬರ ಹೆಸರಿನ ಫಿಕ್ಸೆಡ್ ಡಿಪಾಸಿಟ್ಟಿನಲ್ಲಿ ಅಷ್ಟಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀನು ಹೋಟೆಲುಗಳಿಗೆ ದೋಸೆಹಿಟ್ಟು ಕೊಟ್ಟು ಸೇರಿಸಿದ್ದು, ಹಿಟ್ಟಿನ ಕೆಲಸಕ್ಕೆಂದು ನಂದಿವಲಿಯಲ್ಲಿ ಒಂದು ಸಣ್ಣ ಅಂಗಡಿಕೋಣೆ ನೋಡಿಟ್ಟಿದ್ದೀ ಎಂಬುದೂ ನನಗೆ ನೆನಪಿದೆ. ಒಡೆಯಲು ಇಬ್ಬರ ಸಹಿಯೂ ಬೇಕು. ಬ್ಯಾಂಕಿನ ಫಾರ್ಮು ಈ ಕಾಗದದ ಜೊತೆಗಿದೆ, ನಾನು ಇನ್ನೂ ಸಹಿ ಮಾಡಿಲ್ಲ. ನಿನಗೆ ಮನಸ್ಸಿದ್ದರೆ ಮಾತ್ರ ಮಾಡಿ ಕಳಿಸು. ಇಲ್ಲದಿದ್ದರೆ ನಾನು ಬೇರೆ ಕಡೆ ಸಾಲ ಕೇಳುತ್ತೇನೆ. ಈ ಹಣವಿದೆ ಎಂದು ಮಾಪಣ್ಣನಿಗೆ ಹೇಳಿಲ್ಲ. ನೀನು ಬೇಡ ಎಂದರೆ ಅವನಿಗೆ ಗೊತ್ತಾಗುವುದೂ ಇಲ್ಲ, ನಾನು ಎರಡನೇ ಸಲ ಕೇಳುವುದೂ ಇಲ್ಲ.